ಎಡಚ ರಾಜನ ಊರು

ಒಂದು ಅಂಗಿಗೆ ನಲವತ್ತು ಸೆಕೆಂಡು. ಮೊದಲು ಕಾಲರ್, ಆಮೇಲೆ ತೋಳು, ಆಮೇಲೆ ಗುಂಡಿಪಟ್ಟಿ, ಕೊನೆಗೆ ಒಳಕ್ಕೆ ಕೈ ಹಾಕಿ ಉಲ್ಟಾ ಮಾಡಿ ಒಳಹೊಲಿಗೆ. ತಪ್ಪು ಕಂಡಲ್ಲಿ ಉಗುರಗಲದ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕದ ಬುಟ್ಟಿಗೆ ಎಸೆಯಬೇಕು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವಳು ನಮ್ಮ ಚೆಕಿಂಗಕ್ಕ. ಹೊಲಿಯುವ ಹುಡುಗಿಯರು ಎದುರಿಗೆ ‘ಅಕ್ಕಾ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಕೇಳಿ ಒಳಗೊಳಗೇ ಹಿಗ್ಗಿದ್ದಳೇ ಹೊರತು ಬೇಜಾರು ಮಾಡಿಕೊಂಡಿರಲಿಲ್ಲ.

ಕೆಲಸವನ್ನು ಕಾರ್ಖಾನೆಯಲ್ಲೇ ಬಿಟ್ಟು ಬರುವ ಪೈಕಿ ಅವಳಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುವಳು. ಪಕ್ಕದ ಮನೆಯವಳು ತಾನಾಗಿ ಬಂದು ಮಾತಾಡಿಸಿದರೆ ಏನೋ ಕೇಳಲಿಕ್ಕಿದೆ ಎಂದು ಕಾಯುವಳು. ಮಗಳನ್ನು ನೋಡಲು ಹುಡುಗ ಬಂದಾಗ ಎಲ್ಲರೂ ಅವನ ಮುಖ ನೋಡಿದರೆ ಇವಳು ಅವನ ಅಂಗಿತೋಳಿನ ಒಳಮಗ್ಗುಲು ನೋಡಿದ್ದಳು. ಪಾಪ, ಆ ಅಳಿಯ ಇವತ್ತಿಗೂ ಅತ್ತೆಮನೆಗೆ ಬಂದರೆ ಎಷ್ಟೇ ಸೆಕೆಯಾದರೂ ತೋಳು ಮಡಚುವುದಿಲ್ಲ.

ಇಂಥವಳು ಒಬ್ಬ ಮನುಷ್ಯನನ್ನು ಮಾತ್ರ ಮೂವತ್ತೊಂದು ವರ್ಷ ಒಂದೇ ಒಂದು ಬಾಣ ಅಂಟಿಸದೆ ಪಾಸು ಮಾಡಿಬಿಟ್ಟಿದ್ದಳು. ಅವನೇ ಅವಳ ಗಂಡ. ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟವನು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನರ ಬಾಯಲ್ಲಿ ಅದು ‘ಫಾರಿನ್ ಇಸ್ತ್ರಿ’. ಯಾಕೆಂದರೆ ಮದುವೆಗೆ ಮುಂಚೆ ಎರಡು ವರ್ಷ ಆತ ಹೊರದೇಶದಲ್ಲಿ, ದೊಡ್ಡ ಹೋಟೆಲೊಂದರಲ್ಲಿ ಕೆಲಸ ಮಾಡಿ ಬಂದವನು. ಹೆಣ್ಣು ನೋಡಲು ಬಂದ ದಿನ ಅವಳಿಗೆ ಅವನ ಮೂಗು ಕಿವಿ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ, ಅವನು ಹೇಳಿದ ಊರು ಉಳಿಯಿತು. ರೈಲು ಸ್ಟೇಷನ್ನಿನ ಬಾಗಿಲು ದಾಟಿದರೆ ಎಡಗಡೆ ಗಡಿಯಾರದ ಗೋಪುರ. ಬಲಗಡೆ ಹೊಳೆ, ಹೊಳೆಗೆ ಮೂರು ಕಮಾನಿನ ಸೇತುವೆ. ನಡುವೆ ಚೌಕ, ಚೌಕದಲ್ಲಿ ಕುದುರೆಯ ಮೇಲೆ ರಾಜ, ರಾಜನ ಎಡಗೈಯಲ್ಲಿ ಎತ್ತಿ ಹಿಡಿದ ಕತ್ತಿ. ಅವಳು ತನ್ನ ಬೀದಿಯ ಆಚೆಗೆ ಏನನ್ನೂ ಕಂಡವಳಲ್ಲ. ಆ ಊರಿಗೆ ಮನಸೋತೇ ಒಪ್ಪಿಕೊಂಡಳು.

ಅವಳ ಅಣ್ಣನಿಗೆ ಮಾತ್ರ ಸಮಾಧಾನವಿರಲಿಲ್ಲ. “ಎರಡು ವರ್ಷ ಇದ್ದು ಬಂದವನು ಒಂದು ಫೋಟೋ ತೋರಿಸಲ್ಲ ಅಂದ್ರೆ ಏನರ್ಥ? ಆಸಾಮಿ ಚೆನ್ನಾಗಿ ರೈಲು ಬಿಡ್ತಾನೆ. ಎಲ್ಲಿದ್ನೋ, ಯಾವ ಜೈಲಲ್ಲಿದ್ನೋ, ಯಾರಿಗೆ ಗೊತ್ತು,” ಎಂದಿದ್ದ. ಆಗ ಅವಳು ಅಣ್ಣನ ಮೇಲೆ ಹರಿಹಾಯ್ದು ಮೂರು ತಿಂಗಳು ಮಾತು ಬಿಟ್ಟಿದ್ದಳು.

ಮಗಳು ಹುಟ್ಟಿ, ಎಡಗೈಯಲ್ಲಿ ಚಮಚ ಹಿಡಿಯತೊಡಗಿದಾಗ ಬಂಧುಗಳೆಲ್ಲ ಗದರಿದರು. ಗಂಡ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಹೇಳೋರು ಹೇಳ್ಕೊಳ್ಳಲಿ ಪುಟ್ಟಿ. ಆ ಊರಿನ ರಾಜನೇ ಎಡಚ, ಗೊತ್ತಾ?” ಎಂದ. ಅಲ್ಲಿಂದ ಮುಂದೆ ಆ ಊರು ಮನೆಮಂದಿಗೆಲ್ಲ ಎಡಚ ರಾಜನ ಊರಾಯಿತು. ಮಗಳು ದೊಡ್ಡವಳಾಗಿ ಶಾಲೆಯ ಟೀಚರಾಗಿ ಎಡಗೈಯಲ್ಲೇ ಬೋರ್ಡಿನ ಮೇಲೆ ಬರೆಯುತ್ತಿದ್ದಾಳೆ.

ಅಮ್ಮ ಕೆಲಸದಿಂದ ನಿವೃತ್ತಳಾದಾಗ ಮಗಳು ಅಳಿಯ ಸೇರಿ ಇಬ್ಬರಿಗೂ ಆ ದೇಶಕ್ಕೆ ಟಿಕೆಟು ಮಾಡಿಸಿಕೊಟ್ಟರು. ಅವಳು ಹಿಗ್ಗಿ ಹೀರೇಕಾಯಿಯಾದಳು. ಗಂಡನ ಮುಖ ಮಾತ್ರ ಸಪ್ಪಗಾಯಿತು.

“ನೋಡಿದ್ದನ್ನೇ ಇನ್ನೇನು ನೋಡೋದು? ನೀನು ಮಗಳ ಜೊತೆ ಹೋಗಿ ಬಾ,” ಎಂದ.

“ನೀವು ನೋಡಿದ್ದೀರಿ, ನಾನು ನೋಡಿದ್ದೀನಾ?”

ಮರುದಿನ ಅವನಿಗೆ ಸೊಂಟನೋವು ಬಂತು. ಅದು ವಾಸಿಯಾಗುತ್ತಲೇ ಅಂಗಡಿ ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಬಂತು. ಅಳಿಯ ಹಳೆಯ ಪಾಸ್‌ಪೋರ್ಟ್ ಕೇಳಿದರೆ, “ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು,” ಎಂದ. ಮದುವೆಯಾದಾಗಿನಿಂದ ಅವರು ಮನೆಯನ್ನೇ ಬದಲಾಯಿಸಿರಲಿಲ್ಲ. ಚೆಕಿಂಗಕ್ಕನ ಕಿವಿ ನೆಟ್ಟಗಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಗಂಡನ ಬೆನ್ನಿನ ಮೇಲೆ ಒಂದು ಕೆಂಪು ಬಾಣ ಬಿತ್ತು.

ವಿಮಾನ ಇಳಿದ ದೊಡ್ಡ ನಗರದಿಂದ ಆ ಊರಿಗೆ ಮೂರು ಗಂಟೆಯ ರೈಲು ದಾರಿ. ಪ್ಲಾಟ್‌ಫಾರ್ಮಿನಲ್ಲಿ ರೈಲು ಬಂದು ನಿಂತಿತು, ಬಾಗಿಲು ತೆರೆಯಲಿಲ್ಲ. ಗಂಡ ಹಿಡಿಯನ್ನು ಹುಡುಕುತ್ತ ಬಾಗಿಲನ್ನು ತಡವುತ್ತಿದ್ದ. ಹಿಂದಿನಿಂದ ಬಂದ ಶಾಲಾಹುಡುಗಿ ಪಕ್ಕದ ಹಸಿರು ಗುಂಡಿಯೊತ್ತಿ ಒಳಗೆ ನಡೆದಳು.

“ಆಗ ಹೀಗಿರಲಿಲ್ಲ,” ಎಂದ ಗಂಡ.

ಆಗ ಹೇಗಿತ್ತು ಎಂದು ಅವಳು ಕೇಳಲಿಲ್ಲ. ಕೇಳಿದರೆ ಬಟ್ಟೆ ಮುದುಡಿಕೊಳ್ಳುತ್ತದೆ, ಸುಮ್ಮನೆ ಹರಡಿಟ್ಟರೆ ತಪ್ಪು ತಾನಾಗಿ ಕಾಣುತ್ತದೆ ಎಂಬುದು ಅವಳ ಅನುಭವ. ಕಿಟಕಿಯ ಪಕ್ಕದ ಸೀಟು ತನಗೇ ಎಂದುಕೊಂಡಿದ್ದಳು, ಆತ ಕೇಳದೆಯೇ ಹೋಗಿ ಅಲ್ಲಿ ಕೂತ. ರೈಲು ಹೊರಟದ್ದೇ ಗಾಜಿಗೆ ಹಣೆ ಒತ್ತಿಕೊಂಡು ಹೊರಗೆ ನೋಡತೊಡಗಿದ. ಗುಡ್ಡ ಬಂದರೂ ನೋಡಿದ, ಗೋದಾಮು ಬಂದರೂ ನೋಡಿದ. ಬಾಯಿ ಕೂಡ ಸ್ವಲ್ಪ ತೆರೆದುಕೊಂಡಿತ್ತು. ಎರಡು ವರ್ಷ ಇದ್ದು ಹೋದವನು ಹೀಗೆ ನೋಡುವುದುಂಟೇ? ಎರಡನೆಯ ಬಾಣ.

ಒಂದು ಉದ್ದದ ಸುರಂಗ ಬಂತು. “ಇಷ್ಟು ದೊಡ್ಡ ಸುರಂಗದ ವಿಷಯ ಒಂದಿನಾನೂ ಹೇಳಿರಲಿಲ್ಲವಲ್ಲ ನೀವು?” ಎಂದಳು.

“ಮರೆತಿರಬೇಕು.”

ಮೊದಲ ರಾತ್ರಿ ಅವಳೇನು ಉಟ್ಟಿದ್ದಳೆಂದು ಇವತ್ತಿಗೂ ಹೇಳಬಲ್ಲ ಗಂಡಸು ಸುರಂಗವನ್ನು ಮರೆತನಂತೆ.

ಅಷ್ಟರಲ್ಲಿ ನೀಲಿ ಸಮವಸ್ತ್ರದ ಟಿಕೆಟ್ ತಪಾಸಣೆಯವನು ಬಂದ. ಅವನು ಇನ್ನೂ ನಾಲ್ಕು ಸಾಲು ಆಚೆಗಿರುವಾಗಲೇ ಗಂಡ ಕಿಟಕಿ ಬಿಟ್ಟು ನೆಟ್ಟಗೆ ಕೂತ. ಒಂದು ಕೈ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು, ಮೇಲ್ತುಟಿಯ ಮೇಲೆ ಬೆವರು ಕಂಡಿತು. ಆ ಮನುಷ್ಯ ನಗುನಗುತ್ತ ಏನೋ ಕೇಳಿದ. ಗಂಡನಿಗೆ ಅರ್ಥವಾಗಲಿಲ್ಲ. ಕೊನೆಗೆ ಅವಳೇ ಫೋನಿನಲ್ಲಿದ್ದ ಟಿಕೆಟ್ಟನ್ನು ತೋರಿಸಿ ಅವನನ್ನು ಕಳಿಸಿದಳು.

“ಟಿಕೆಟ್ ಸರಿಯಾಗೇ ಇದೆ. ಯಾಕ್ರೀ ಹಾಗೆ ನಡುಗಿದ್ರಿ?”

“ನಡುಗಿದ್ನಾ? ಇಲ್ಲಪ್ಪ, ಚಳಿ.”

ಹೊರಗೆ ಬಿಸಿಲು ಸುಡುತ್ತಿತ್ತು. ಈಗ ಅವಳಿಗೆ ತನ್ನ ಅನುಮಾನ ಎತ್ತ ಹೋಗುತ್ತಿದೆಯೆಂದು ಗೊತ್ತಾಗತೊಡಗಿತು. ಇವನು ಈ ದೇಶಕ್ಕೆ ಬಂದೇ ಇಲ್ಲ. ಎಲ್ಲೋ ಯಾರದೋ ಬಾಯಲ್ಲಿ ಕೇಳಿದ ಊರನ್ನು ತನ್ನದೆಂದು ಹೇಳಿ ನನ್ನನ್ನು ಕಟ್ಟಿಕೊಂಡ.

ಆದರೆ ಮುಂದಿನ ಸ್ಟೇಷನ್ನಿನಲ್ಲಿ ಆ ಲೆಕ್ಕವೂ ತಲೆಕೆಳಗಾಯಿತು. ಎದುರು ಸೀಟಿಗೆ ಬಿಳಿ ಅಂಗಿಯ ಮುದುಕರೊಬ್ಬರು ಬಂದು ಕೂತರು. ರೈಲು ಜಗ್ಗಿದಾಗ ಪಕ್ಕದ ಮಗುವಿನ ಕೈಯಲ್ಲಿದ್ದ ಕೆಂಪು ಜ್ಯೂಸು ಅವರ ಎದೆಯ ಮೇಲೆ ಚೆಲ್ಲಿತು. ಅವರು ಕಾಗದದಿಂದ ಉಜ್ಜಲು ಹೊರಟಿದ್ದೇ ತಡ, ಗಂಡ ಎದ್ದು ಅವರ ಕೈ ಹಿಡಿದುಕೊಂಡ. ಆ ದೇಶದ ಭಾಷೆಯಲ್ಲಿ ಪಟಪಟನೆ ನಾಲ್ಕೈದು ಮಾತು ಹೇಳಿದ. ಅಂಗಿಯನ್ನು ಒಳಗಿನಿಂದ ಎತ್ತಿ ಹಿಡಿದು ಕಲೆಯ ಹಿಂಬದಿಗೆ ಬಾಟಲಿಯ ತಣ್ಣೀರು ಹನಿಸಿದ, ಕರವಸ್ತ್ರದಿಂದ ಮೆತ್ತಗೆ ಒತ್ತಿದ, ಮತ್ತೆ ಹನಿಸಿದ. ಮುದುಕರು ಕಣ್ಣರಳಿಸಿ ಏನೋ ಹೊಗಳಿದರು. ಅದು ಅವನಿಗೆ ಅರ್ಥವಾಗಲಿಲ್ಲ.

“ಏನು ಹೇಳಿದ್ರಿ ಅವರಿಗೆ?”

“ಉಜ್ಜಬೇಡಿ, ಕಲೆ ಕೂತ್ಕೊಳ್ಳುತ್ತೆ, ತಣ್ಣೀರು, ಹಿಂದಿನಿಂದ, ಅಂತ.”

“ಟಿಕೆಟ್ ಅಂದ್ರೆ ಗೊತ್ತಾಗಲ್ಲ, ಕಲೆ ಅಂದ್ರೆ ಗೊತ್ತಾಗುತ್ತಾ?”

ಗಂಡ ಮತ್ತೆ ಕಿಟಕಿಗೆ ಅಂಟಿಕೊಂಡ.

ಅಂದರೆ ಬಂದಿದ್ದಾನೆ. ಬಂದವನು ಊರು ನೋಡಿಲ್ಲ, ರೈಲು ಹತ್ತಿಲ್ಲ, ಸಮವಸ್ತ್ರ ಕಂಡರೆ ಬೆವರುತ್ತಾನೆ, ಬಟ್ಟೆ ಒಗೆಯುವ ಮಾತುಗಳು ಮಾತ್ರ ಬಾಯಿಗೆ ಬರುತ್ತವೆ. ಕೈದಿಗಳ ಕೈಯಲ್ಲಿ ಬಟ್ಟೆ ಒಗೆಸುತ್ತಾರೆಂದು ಅವಳು ಎಲ್ಲೋ ಕೇಳಿದ್ದಳು. ಅಣ್ಣ ಆಡಿದ್ದ ಮಾತು ಮೂವತ್ತೊಂದು ವರ್ಷದ ಆಚೆಯಿಂದ ಎದ್ದು ಬಂದು ಪಕ್ಕದಲ್ಲಿ ಕೂತಿತು. ಏನು ಮಾಡಿ ಒಳಗೆ ಹೋಗಿರಬಹುದು? ಕಳ್ಳತನವೇ? ಹೊಡೆದಾಟವೇ? ಹೆಂಗಸಿನ ವಿಷಯವೇ? ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಜ್ವರ ಬಂದಾಗ ಹಣೆ ಒತ್ತಿಸಿಕೊಂಡ ಈ ಮನುಷ್ಯ ಯಾರು? ಅವಳಿಗೆ ನಿಜವಾಗಿಯೂ ಭಯವಾಯಿತು. ಇಡೀ ರೈಲಿನಲ್ಲಿ ಅವಳಿಗೆ ಪರಿಚಯವಿದ್ದವನು ಅವನೊಬ್ಬನೇ, ಅವನ ಪರಿಚಯವೇ ತಪ್ಪಿಹೋಗುತ್ತಿತ್ತು.

ಊರು ಹತ್ತಿರವಾಗುವಷ್ಟರಲ್ಲಿ ಅವಳೊಂದು ತೀರ್ಮಾನಕ್ಕೆ ಬಂದಿದ್ದಳು. ಜೈಲಾದರೂ ಸರಿ, ಬಾಯಿ ಬಿಟ್ಟು ಹೇಳಿದರೆ ಕೇಳೋಣ. ಇವತ್ತು ಆ ಊರಿನಲ್ಲಿ ನಿಂತುಕೊಂಡು ಇನ್ನೂ ಸುಳ್ಳನ್ನೇ ಹೇಳಿದರೆ ವಿಮಾನ ಇಳಿದವಳು ನೇರ ಮಗಳ ಮನೆಗೆ. ಫಾರಿನ್ ಇಸ್ತ್ರಿಯವನ ಮನೆಗೆ ಮತ್ತೆ ಕಾಲಿಡುವುದಿಲ್ಲ. ಅವಳು ಒಮ್ಮೆ ಬುಟ್ಟಿಗೆ ಎಸೆದದ್ದನ್ನು ಮತ್ತೆ ಎತ್ತಿಕೊಂಡವಳಲ್ಲ.

ಸ್ಟೇಷನ್ನಿನ ಬಾಗಿಲು ದಾಟಿ ಇಬ್ಬರೂ ಹೊರಗೆ ಬಂದು ನಿಂತರು. ಗೋಪುರ ಇತ್ತು, ಬಲಗಡೆ. ಹೊಳೆ ಇತ್ತು, ಸೇತುವೆಗೆ ಕಮಾನೂ ಮೂರೇ, ಆದರೆ ಎಡಗಡೆ. ಗಂಡ ಅತ್ತ ನೋಡಿದ, ಇತ್ತ ನೋಡಿದ. ದಾರಿ ತಪ್ಪಿಸಿಕೊಂಡ ಮಗುವಿನ ಮುಖವಾಗಿತ್ತು ಅವನದು.

“ಬೇರೆ ಬಾಗಿಲಿಂದ ಬಂದುಬಿಟ್ವಿ ಅನ್ಸುತ್ತೆ,” ಎಂದ.

ಅವಳು ಸ್ಟೇಷನ್ನಿನ ಸುತ್ತ ಒಂದು ಸುತ್ತು ಹಾಕಿ ಬಂದಳು. ಮಂಡಿನೋವಿನ ಹೆಂಗಸು, ಹತ್ತು ನಿಮಿಷ ಹಿಡಿಯಿತು. “ಇರೋದು ಇದೊಂದೇ ಬಾಗಿಲು,” ಎಂದಳು.

ಚೌಕದ ನಡುವೆ ಕುದುರೆಯ ಮೇಲೆ ರಾಜ ಕೂತಿದ್ದ. ಕತ್ತಿ ಬಲಗೈಯಲ್ಲಿತ್ತು. ಮಗಳು ಬೆಳಗ್ಗೆಯೇ ಸಂದೇಶ ಕಳಿಸಿದ್ದಳು: ಅಮ್ಮಾ, ಎಡಚ ರಾಜನ ಫೋಟೋ ಮೊದಲು.

“ಬಾಗಿಲು ಬದಲಾದ್ರೆ ಗೋಪುರ ಆ ಕಡೆ ಹೋಗಬಹುದು. ರಾಜನ ಕೈ ಹೇಗ್ರೀ ಬದಲಾಗುತ್ತೆ?”

“ಹಳೇದು ಬಿದ್ದುಹೋಗಿರಬೇಕು. ಹೊಸದು ನಿಲ್ಲಿಸಿದ್ದಾರೆ.”

ಕುದುರೆ ಪಾಚಿಗಟ್ಟಿ ಹಸಿರಾಗಿತ್ತು. ನೂರು ವರ್ಷದ ಪಾರಿವಾಳಗಳು ರಾಜನ ಹೆಗಲನ್ನು ಬೆಳ್ಳಗೆ ಮಾಡಿದ್ದವು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಮಗುವಿಗೆ ಹೇಳಿದ ಮಾತೂ ಸುಳ್ಳೇ? ಬೀದಿಯಲ್ಲಿ ರಂಪ ಬೇಡವೆಂದು ಚೌಕದ ಅಂಚಿನಲ್ಲಿದ್ದ ಚಹಾದಂಗಡಿಗೆ ನಡೆದಳು. ಹಿಂದೆಯೇ ಆತನೂ ಬಂದ.

ಮೇಜಿನ ಮೇಲೆ ನೀಲಿ ಚಿತ್ರ ಅಚ್ಚು ಹಾಕಿದ ಹತ್ತಿಯ ಚಿಕ್ಕ ಹಾಸು. ಚಿತ್ರದಲ್ಲಿ ಇದೇ ಊರು: ಸ್ಟೇಷನ್ನಿನ ಬಾಗಿಲಿನಿಂದ ಕಂಡಂತೆ ಗೋಪುರ, ಹೊಳೆ, ಸೇತುವೆ, ನಡುವೆ ರಾಜ, ಕೆಳಗೆ ಆ ದೇಶದ ಅಕ್ಷರದಲ್ಲಿ ಏನೋ ಸಾಲು. ಅವಳ ಮನಸ್ಸು ಎಲ್ಲೋ ಇತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಹಾಸಿನ ಅಂಚನ್ನು ಹಿಡಿದು ಮಡಿಕೆಯ ಹೊಲಿಗೆ ನೋಡಲು ಉಲ್ಟಾ ಮಾಡಿತು. ಹೊಲಿಗೆ ಸರಿಯಾಗಿತ್ತು. ಉಲ್ಟಾ ಬದಿಗೆ ಅಚ್ಚಿನ ಬಣ್ಣ ಮಸುಕಾಗಿ ಇಳಿದಿತ್ತು. ಮಸುಕು ಗೋಪುರ ಎಡಕ್ಕೆ, ಹೊಳೆ ಬಲಕ್ಕೆ. ಕುದುರೆಯ ಮೇಲೆ ರಾಜ, ಎಡಗೈಯಲ್ಲಿ ಕತ್ತಿ.

ಅವಳ ಕೈ ಅಲ್ಲೇ ನಿಂತಿತು. ಅಚ್ಚಿನ ಬಟ್ಟೆಗೆ ಸೀದಾ ಕಡೆಯಿಂದ ಇಸ್ತ್ರಿ ಇಟ್ಟರೆ ಬಣ್ಣ ಸುಡುತ್ತದೆ, ಯಾವಾಗಲೂ ಉಲ್ಟಾ ಕಡೆಯಿಂದಲೇ ತೀಡಬೇಕು. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಗಂಡ ಇದನ್ನು ಹೇಳುತ್ತಾನೆ. ಹೋಟೆಲಿನಲ್ಲೂ ಹಾಗೇ ಇದ್ದಿರಬೇಕು: ಉಲ್ಟಾ ಕಡೆಯಿಂದ ತೀಡಿ, ಹಾಗೆಯೇ ಮಡಚಿ, ಕಳಿಸುವುದು. ಬಿಡಿಸಿ ಹಾಸುವವರು ಬೇರೆ, ಸೀದಾ ಕಡೆ ನೋಡುವವರು ಬೇರೆ. ಅಕ್ಷರ ಗೊತ್ತಿಲ್ಲದವನಿಗೆ ಅಕ್ಷರ ಉಲ್ಟಾ ಇದೆಯೆಂದು ತಿಳಿಯುವುದಾದರೂ ಹೇಗೆ?

ಅವಳು ಹಾಸನ್ನು ಮೆಲ್ಲಗೆ ಸರಿಮಾಡಿದಳು. ಚಹಾ ಬಂತು. ಒಂದು ಗುಟುಕು ಕುಡಿದು, ಅಡುಗೆಮನೆಯಲ್ಲಿ ನಿಂತು ಕೇಳುವ ದನಿಯಲ್ಲಿ ಕೇಳಿದಳು:

“ದಿನಕ್ಕೆ ಎಷ್ಟು ತೀಡ್ತಿದ್ರಿ ಇಂಥವು?”

“ಇನ್ನೂರು. ರಜಾ ದಿನ ಮುನ್ನೂರು ಆಗೋದು,” ಎಂದ ಗಂಡ. ಎಂದ ಮೇಲೆ ತಾನು ಎಂದದ್ದು ಅವನಿಗೆ ಕೇಳಿಸಿತು.

ಅವಳು ಹಾಸನ್ನು ಮತ್ತೆ ಮಗುಚಿ ಅವನ ಮುಂದಿಟ್ಟಳು. ಅವನು ತುಂಬ ಹೊತ್ತು ಅದನ್ನೇ ನೋಡಿದ. ತಾನು ಕಂಡ ಊರು ಹಿಂದುಮುಂದಾಗಿತ್ತೆಂದು ಅವನಿಗೂ ಗೊತ್ತಾದದ್ದು ಈ ಗಳಿಗೆಯಲ್ಲೇ.

“ಥೂ,” ಎಂದ. “ಇದು ನನಗೆ ಹೊಳೀಲೇ ಇಲ್ಲ ನೋಡು.”

ಆಮೇಲೆ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಕರೆತಂದ ಏಜೆಂಟು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದ. ಕಾಗದ ಸರಿಯಿಲ್ಲ, ಹೊರಗೆ ಕಾಲಿಟ್ಟರೆ ಸಮವಸ್ತ್ರದವರು ಎತ್ತಿಕೊಂಡು ಹೋಗುತ್ತಾರೆ ಎಂದು ಹೆದರಿಸಿಟ್ಟಿದ್ದ. ಬಂದದ್ದು ಮುಚ್ಚಿದ ವ್ಯಾನಿನಲ್ಲಿ, ಹೋದದ್ದೂ ಹಾಗೆಯೇ. ಹೋಟೆಲಿನ ನೆಲಮಾಳಿಗೆಯಲ್ಲಿ ಇಸ್ತ್ರಿ, ಬಾಯ್ಲರಿನ ಹಿಂದಿನ ಕೋಣೆಯಲ್ಲಿ ಊಟ ನಿದ್ದೆ. ಎರಡು ವರ್ಷ ಹೊರಗೆ ಬರಲಿಲ್ಲ. “ಆಗ ನನಗೆ ಇಪ್ಪತ್ನಾಲ್ಕು,” ಎಂದ. “ವಾಪಸ್ ಬಂದಾಗ ಎಲ್ಲರೂ ಊರು ಹೇಗಿತ್ತು ಊರು ಹೇಗಿತ್ತು ಅಂತ ಕೇಳೋರು. ಹೆದರ್ಕೊಂಡು ನೆಲಮಾಳಿಗೆಯಲ್ಲಿ ಕೂತಿದ್ದೆ ಅಂತ ಹೇಗೆ ಹೇಳ್ಲಿ? ಬಟ್ಟೆಯಲ್ಲಿ ಇದ್ದದ್ದನ್ನ ಹೇಳ್ದೆ.”

“ಊರಿನವರಿಗೆ ಹೇಳಿದ್ರಿ, ಸರಿ. ನನಗೆ? ಮೂವತ್ತೊಂದು ವರ್ಷ ಪಕ್ಕದಲ್ಲಿ ಮಲಗಿದ್ದೀನಲ್ರೀ.”

“ನೀನು ಒಪ್ಪಿದ್ದು ಆ ಊರನ್ನ. ಊರೇ ಇಲ್ಲ ಅಂದ್ರೆ ನನ್ನಲ್ಲಿ ಇನ್ನೇನಿತ್ತು?”

ಇಲ್ಲ ಎಂದು ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಹೌದು, ಊರನ್ನೇ ಒಪ್ಪಿದ್ದು. ನಿಮ್ಮನ್ನ ಒಪ್ಪಿದ್ದು ಆಮೇಲೆ.”

“ಯಾವಾಗ?”

“ತಾರೀಖು ಬರೆದಿಟ್ಟಿಲ್ಲ. ಚಹಾ ಕುಡೀರಿ, ಆರುತ್ತೆ.” ಹಾಸನ್ನು ಮತ್ತೆ ಸೀದಾ ಮಾಡಿ, “ಮಗಳಿಗೆ ನೀವೇ ಹೇಳಬೇಕು. ನಾನು ಹೇಳಲ್ಲ. ಇನ್ನೇನಾದ್ರೂ ಇದ್ಯಾ ಮುಚ್ಚಿಟ್ಟಿದ್ದು?” ಎಂದಳು.

“ಇಷ್ಟೇ.”

ಅವಳು ಅವನ ಮುಖವನ್ನು ನಲವತ್ತು ಸೆಕೆಂಡು ನೋಡಿದಳು. ಅನುಮಾನ ಪೂರ್ತಿ ಹೋಗಿರಲಿಲ್ಲ. ಅದು ಹೋಗುವ ಜಾತಿಯದೂ ಅಲ್ಲ. “ಸರಿ, ಏಳಿ. ಆ ನೆಲಮಾಳಿಗೆ ತೋರಿಸಿ,” ಎಂದಳು.

ಹಾಸಿನ ಮೂಲೆಯಲ್ಲಿ ಮೂರು ಎಲೆಯ ಗುರುತಿತ್ತು. ಅದೇ ಗುರುತು ಚೌಕದಾಚೆಯ ದೊಡ್ಡ ಕಟ್ಟಡದ ಬಾಗಿಲಿನ ಮೇಲೂ ಇತ್ತು; ಚಹಾದಂಗಡಿಯೂ ಆ ಹೋಟೆಲಿನದೇ. ಕಟ್ಟಡವನ್ನು ಹೊರಗಿನಿಂದ ಅವನು ನೋಡುತ್ತಿದ್ದದ್ದು ಅದೇ ಮೊದಲು. ಎಷ್ಟು ಮಹಡಿ ಎಂದು ಎಣಿಸಿದ, ಆರು. ಬಳಸಿಕೊಂಡು ಹಿಂದಿನ ಓಣಿಗೆ ಬಂದಾಗ ಗಂಜಿಯ, ಬಿಸಿ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ಅವನು ಅಲ್ಲೇ ನಿಂತುಬಿಟ್ಟ. ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಎತ್ತರಕ್ಕೆ, ಕಬ್ಬಿಣದ ಸರಳು ಹಾಕಿದ ಉದ್ದನೆಯ ಗಾಜಿನ ಕಿಟಕಿ ಇತ್ತು.

“ಅದೇ,” ಎಂದ. ಮುಂದೆ ಹೆಜ್ಜೆ ಇಡಲಿಲ್ಲ. “ಒಳಗಿಂದ ಬರೀ ಕಾಲು ಕಾಣೋದು. ಒಬ್ಬಳು ಕೆಂಪು ಶೂ ಹಾಕ್ಕೊಂಡು ದಿನಾ ಹೋಗೋಳು. ಒಬ್ಬ ಮುದುಕ ಕೋಲೂರಿಕೊಂಡು ನಿಂತು ಸಿಗರೇಟು ಸೇದೋನು. ಎರಡು ವರ್ಷದಲ್ಲಿ ಒಬ್ಬರೂ ಬಗ್ಗಿ ನೋಡಲಿಲ್ಲ.”

ಅವಳು ಕೈಚೀಲವನ್ನು ಅವನಿಗೆ ಕೊಟ್ಟಳು. ಕಿಟಕಿಯ ಮುಂದೆ ಹೋಗಿ, ಗೋಡೆಗೆ ಒಂದು ಕೈ ಕೊಟ್ಟು, ಮಂಡಿ ಹಿಡಿದುಕೊಂಡು, ಅಮ್ಮಾ ಎನ್ನುತ್ತ ಓಣಿಯ ಕಲ್ಲುಹಾಸಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ದಾರಿಹೋಕರಿಬ್ಬರು ಸುತ್ತಿ ಬಳಸಿ ನಡೆದುಹೋದರು. ಅವಳು ಇನ್ನೂ ಬಗ್ಗಿ ಮುಖವನ್ನು ಗಾಜಿಗೆ ತಂದಳು.

ಒಳಗೆ ಹಬೆ ತುಂಬಿತ್ತು. ಟ್ಯೂಬ್‌ಲೈಟಿನ ಕೆಳಗೆ ಯಾವುದೋ ಬೇರೆ ದೇಶದ ಯುವಕನೊಬ್ಬ ಹಾಸಿಗೆಯ ಹೊದಿಕೆ ತೀಡುತ್ತಿದ್ದ. ಕಿಟಕಿಯ ಬೆಳಕು ಕಡಿಮೆಯಾಯಿತೆಂದೋ ಏನೋ ತಲೆಯೆತ್ತಿದ. ಅವಳು ಕೈಬೀಸಿದಳು. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಅನುಮಾನಿಸುತ್ತಲೇ ಕೈ ಎತ್ತಿದ.

“ರೀ, ಬನ್ನಿ ಇಲ್ಲಿ,” ಎಂದು ಅವಳು ತಿರುಗದೆಯೇ ಕರೆದಳು. “ನೀವೂ ಬಗ್ಗಿ.”

ಗಂಡ ಬಂದು ಅವಳ ಪಕ್ಕದಲ್ಲಿ ಕೂತ.